ಸಮುದ್ರಕ್ಕೆ ಮುಖಮಾಡಿದ ತೋಪುಗಳು

(ಸಂಘದ ತಿಂಗಳ ಉಪನ್ಯಾಸ ಮಾಲಿಕೆಯಲ್ಲಿ ಚೆನ್ನೈಯಲ್ಲಿ ನೀಡಿದ ಉಪನ್ಯಾಸದ ಪೂರ್ಣಪಾಠ)



ಕರಾವಳಿಯ ಬ್ಯಾಟರಿಗಳ ಬಗ್ಗೆ ಮಾತನಾಡುತ್ತೇನೆಂದು ನಾನು ಒಪ್ಪಿಕೊಂಡಾಗ ನಮ್ಮ ಕಾರ್ಯದರ್ಶಿಗಳು ಒಂದು ಕ್ಷಣ ಗಲಿಬಿಲಿಗೊಂಡರು. ಬ್ಯಾಟರಿ ಎಂದರೆ ನಮಗೆ ಕೈದೀಪಕ್ಕೆ ಹಾಕುವ ಸೆಲ್ಲಿನ ನೆನಪೇ ಮೊದಲು. ಕನ್ನಡದಲ್ಲಿ ತೋಪು ಎನ್ನೋಣವೆಂದರೆ ಮಾವಿನ ತೋಪೂ ತೋಪೇ. ಆದ್ದರಿಂದ ಮೊದಲೇ ಸ್ಪಷ್ಟಪಡಿಸುತ್ತೇನೆ. ಬಂದರಿನ ರಕ್ಷಣೆಗಾಗಿ ದಡದ ಮೇಲೆ ಭದ್ರವಾದ ಪೀಠಗಳಲ್ಲಿ ನೆಟ್ಟು, ಒಬ್ಬ ಅಧಿಕಾರಿಯ ಆಜ್ಞೆಯಂತೆ ಒಂದೇ ಗುರಿಗೆ ಗುಂಡು ಹಾರಿಸುವ ಕೆಲವು ಫಿರಂಗಿಗಳ ಸಮೂಹಕ್ಕೆ ಸೇನಾ ಪರಿಭಾಷೆಯಲ್ಲಿ ಬ್ಯಾಟರಿ ಎಂದು ಹೆಸರು. ಅಂಥ ಸಮೂಹಗಳಲ್ಲಿ ಜಗತ್ತಿನಲ್ಲೇ ಅತ್ಯಂತ ಹೆಸರಾದ, ಅತ್ಯಂತ ಅಪಹಾಸ್ಯಕ್ಕೂ ಗುರಿಯಾದ ಸಿಂಗಪುರದ ತೋಪುಗಳ ಕತೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಆದರೆ ಚೆನ್ನೈಯಲ್ಲಿ ನಿಂತು ಈ ವಿಷಯವನ್ನು ಎತ್ತಿಕೊಳ್ಳುವವನು ಎಮ್ಡನ್ನಿಗೆ ಕೈಮುಗಿಯದೆ ಮುಂದೆ ಹೋಗುವಂತಿಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡನ್ ಎಂಬ ಲಘು ಯುದ್ಧನೌಕೆ ಈ ಬಂದರಿನ ಎದುರಿಗೆ ಬಂದು ನಿಂತಿತು. ಯುದ್ಧ ಆರಂಭವಾಗಿ ಏಳು ವಾರಗಳಾಗಿದ್ದರೂ ದೀಪಸ್ತಂಭ ಎಂದಿನಂತೆ ಬೆಳಗುತ್ತಿತ್ತು. ಕ್ಯಾಪ್ಟನ್ ಫಾನ್ ಮ್ಯೂಲರ್ ನೂರಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿ, ಬರ್ಮಾ ಆಯಿಲ್ ಕಂಪನಿಯ ತೈಲದ ತೊಟ್ಟಿಗಳಿಗೆ ಬೆಂಕಿಯಿಟ್ಟು, ಕತ್ತಲಲ್ಲಿ ಕಣ್ಮರೆಯಾದ. ದಡದ ತೋಪುಗಳು ಎಚ್ಚತ್ತು ಉತ್ತರ ಕೊಟ್ಟದ್ದು ಒಂಬತ್ತು ಗುಂಡುಗಳಿಂದ. ಒಂದೂ ತಾಗಲಿಲ್ಲ. ಉಚ್ಚ ನ್ಯಾಯಾಲಯದ ಗೋಡೆಯಲ್ಲಿರುವ ಫಲಕವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಫಲಕಕ್ಕಿಂತ ಗಟ್ಟಿಯಾಗಿ ಉಳಿದದ್ದು ಮಾತು. ಎದೆಗಾರ, ಚಾಲಾಕಿ ಮನುಷ್ಯನನ್ನು ತಮಿಳರು ಇವತ್ತಿಗೂ ‘ಎಮ್ಡನ್’ ಎನ್ನುತ್ತಾರೆ. ನಮ್ಮ ಪಕ್ಕದ ಮನೆಯ ಪಾಟಿಯವರು ನನ್ನ ಮಗಳನ್ನು ಚಿಕ್ಕಂದಿನಲ್ಲಿ ಹಾಗೆಯೇ ಕರೆಯುತ್ತಿದ್ದರು.

ಎಮ್ಡನ್ ಅದೇ ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ ಸಿಡ್ನಿ ನೌಕೆಯ ಕೈಯಲ್ಲಿ ನಾಶವಾಯಿತು. ಸೆರೆಸಿಕ್ಕ ಅದರ ನಾವಿಕರಲ್ಲಿ ಕೆಲವರನ್ನು ಸಿಂಗಪುರದ ಟ್ಯಾಂಗ್ಲಿನ್ ಶಿಬಿರದಲ್ಲಿ ಇರಿಸಲಾಯಿತು. 1915ರ ಫೆಬ್ರವರಿ 15ರಂದು ಅಲ್ಲಿದ್ದ ಭಾರತೀಯ ಪಡೆಯಾದ 5ನೆಯ ಲೈಟ್ ಇನ್ಫೆಂಟ್ರಿಯ ಸಿಪಾಯಿಗಳು ದಂಗೆಯೆದ್ದು ಆ ಶಿಬಿರದ ಬಾಗಿಲನ್ನು ತೆರೆದರು. ದಂಗೆ ಅಡಗಿದ ಮೇಲೆ 47 ಮಂದಿ ಸಿಪಾಯಿಗಳನ್ನು ಜನರೆದುರಿಗೇ ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದರು. ಫೆಬ್ರವರಿ 15 ಎಂಬ ಆ ದಿನಾಂಕವನ್ನು ದಯವಿಟ್ಟು ನೆನಪಿನಲ್ಲಿಡಿ. ಅದು ಮತ್ತೆ ಬರುತ್ತದೆ.

ಸಿಂಗಪುರದ ಮಹಾತೋಪುಗಳ ಕತೆ ಹುಟ್ಟುವುದು ರಣರಂಗದಲ್ಲಲ್ಲ, ಲಂಡನ್ನಿನ ಕಡತಗಳಲ್ಲಿ. ಮೊದಲ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ಬೊಕ್ಕಸ ಬರಿದಾಗಿತ್ತು. 1902ರಿಂದ ಮಿತ್ರನಾಗಿದ್ದ ಜಪಾನಿನೊಡನೆ ಒಪ್ಪಂದ ಮುಂದುವರಿಯುವ ಲಕ್ಷಣವಿರಲಿಲ್ಲ. ಪೂರ್ವದ ಕಡಲಿನಲ್ಲೊಂದು, ಪಶ್ಚಿಮದ ಕಡಲಿನಲ್ಲೊಂದು ಎಂದು ಎರಡು ನೌಕಾಪಡೆಗಳನ್ನು ಸಾಕುವ ಶಕ್ತಿ ಇರಲಿಲ್ಲ. ಹಾಗಾಗಿ 1921ರಲ್ಲಿ ಮಂತ್ರಿಮಂಡಲ ಒಂದು ಉಪಾಯವನ್ನು ಅಂಗೀಕರಿಸಿತು. ನೌಕಾಪಡೆ ಯೂರೋಪಿನಲ್ಲೇ ಇರಲಿ. ಸಿಂಗಪುರದಲ್ಲಿ ದೊಡ್ಡದೊಂದು ನೌಕಾನೆಲೆ ಮಾತ್ರ ಸಿದ್ಧವಾಗಿರಲಿ. ಆಪತ್ತು ಬಂದಾಗ ಹಡಗುಗಳು ಅಲ್ಲಿಗೆ ಧಾವಿಸಲಿ. ಹಡಗುಗಳು ಬರುವತನಕ ನೆಲೆಯನ್ನು ಕಾಯುವುದಕ್ಕೆ ತೋಪುಗಳು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ತೋಪುಗಳು ಸ್ವತಂತ್ರವಾಗಿ ಯುದ್ಧ ಗೆಲ್ಲಬೇಕಾದ ಆಯುಧಗಳಾಗಿರಲಿಲ್ಲ. ಯಜಮಾನ ಬರುವತನಕ ಬಾಗಿಲಲ್ಲಿ ಕೂತಿರಬೇಕಾದ ಕಾವಲುಗಾರರು ಅವು. ಯಜಮಾನ ಬರಲು ಎಷ್ಟು ದಿನ ಬೇಕು ಎಂಬುದಕ್ಕೂ ಒಂದು ಲೆಕ್ಕವಿತ್ತು. 1930ರ ದಶಕದ ಉತ್ತರಾರ್ಧದಲ್ಲಿ ಆ ಲೆಕ್ಕ 70 ದಿನ. 1939ರಲ್ಲಿ ಅದು 90 ದಿನವಾಯಿತು. ಯುದ್ಧ ಆರಂಭವಾದೊಡನೆ 180 ದಿನವಾಯಿತು. ಯಜಮಾನ ಬರುವುದು ತಡವಾದಷ್ಟೂ ಕಾವಲುಗಾರನ ಹೊಣೆ ಹಿಗ್ಗುತ್ತ ಹೋಯಿತು. ಅವನ ಬುತ್ತಿ ಹಿಗ್ಗಲಿಲ್ಲ.

ನೌಕಾನೆಲೆಯನ್ನು ಕಟ್ಟಿದ ಬಗೆಯೂ ಸರ್ಕಾರಿ ನೌಕರರಾದ ನಮ್ಮಂಥವರಿಗೆ ಅಪರಿಚಿತವಲ್ಲ. ಮುಂದಿನ ಹತ್ತು ವರ್ಷ ದೊಡ್ಡ ಯುದ್ಧ ಬರುವುದಿಲ್ಲವೆಂದು ಭಾವಿಸಿ ಆಯವ್ಯಯ ಸಿದ್ಧಪಡಿಸತಕ್ಕದ್ದು ಎಂಬ ನಿಯಮ 1919ರಲ್ಲಿ ಬಂತು. ಅದನ್ನು ಕೈಬಿಟ್ಟದ್ದು 1932ರಲ್ಲಿ. 1924ರಲ್ಲಿ ರಾಮ್ಸೆ ಮ್ಯಾಕ್‌ಡೊನಾಲ್ಡರ ಲೇಬರ್ ಸರ್ಕಾರ ಕೆಲಸವನ್ನು ನಿಲ್ಲಿಸಿತು. ನಂತರ ಬಂದ ಸರ್ಕಾರ ಮುಂದುವರಿಸಿತು. 1929ರಲ್ಲಿ ಲೇಬರ್ ಪಕ್ಷ ಮರಳಿದಾಗ ಮತ್ತೆ ಕುಂಟಿತು. ಇದರ ನಡುವೆ ಇಲಾಖೆಗಳ ಜಗಳ. ದಡದ ತೋಪುಗಳು ಹಳೆಯ ಕಾಲದವು, ಅದೇ ಹಣದಲ್ಲಿ ಟಾರ್ಪೀಡೋ ಹೊತ್ತ ವಿಮಾನಗಳನ್ನು ಇಟ್ಟರೆ ಶತ್ರುನೌಕೆಯನ್ನು ದೂರದಲ್ಲೇ ತಡೆಯಬಹುದು ಎಂದು ವಾಯುಪಡೆಯ ಟ್ರೆಂಚರ್ಡ್ ವಾದಿಸಿದರು. ವಿಮಾನ ಇಂದು ಇಲ್ಲಿರುತ್ತದೆ, ನಾಳೆ ಇನ್ನೆಲ್ಲಿಗೋ ಹಾರಿಹೋಗುತ್ತದೆ, ತೋಪು ಮಾತ್ರ ನೆಟ್ಟಲ್ಲೇ ಇರುತ್ತದೆ ಎಂದು ನೌಕಾಪಡೆ ಮತ್ತು ಭೂಸೇನೆ ಉತ್ತರಿಸಿದವು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. 1932ರಲ್ಲಿ ಬಾಲ್ಡ್ವಿನ್ನರ ಸಮಿತಿ ತೋಪುಗಳೇ ಮುಖ್ಯ, ವಿಮಾನಗಳು ಸಹಾಯಕ ಎಂದು ತೀರ್ಪಿತ್ತಿತು. 1938ರ ಫೆಬ್ರವರಿ 14ರಂದು ಸೆಂಬವಾಂಗ್‌ನಲ್ಲಿ ನೌಕಾನೆಲೆಯ ಮಹಾ ಹಡಗುಕಟ್ಟೆ ವೈಭವದಿಂದ ಉದ್ಘಾಟನೆಯಾಯಿತು. ಒಟ್ಟು ವೆಚ್ಚ ಸುಮಾರು ಆರು ಕೋಟಿ ಪೌಂಡು ಎಂದು ಲೆಕ್ಕ ಕೊಡುತ್ತಾರೆ.

ಇನ್ನು ತೋಪುಗಳ ವಿಷಯ. ಮುಖ್ಯವಾದವು ಒಟ್ಟು 29: ಹದಿನೈದು ಅಂಗುಲ ಬಾಯಿಯವು ಐದು, 9.2 ಅಂಗುಲದವು ಆರು, ಆರು ಅಂಗುಲದವು ಹದಿನೆಂಟು. ದ್ವೀಪದ ಪೂರ್ವದಲ್ಲಿ ಚಾಂಗಿ, ಜೊಹೋರ್ ಕೊಲ್ಲಿಯ ಬಾಯಿಯ ತೆಕೋಂಗ್ ದ್ವೀಪ ಮತ್ತು ಪೆಂಗೆರಾಂಗ್. ದಕ್ಷಿಣ ಹಾಗೂ ಪಶ್ಚಿಮದಲ್ಲಿ ಬ್ಲಾಕಾಂಗ್ ಮಾತಿ ದ್ವೀಪದ ಸಿಲೋಸೊ, ಸೆರಪೋಂಗ್, ಕನಾಟ್. ದಡದ ಮೇಲೆ ಲ್ಯಾಬ್ರಡಾರ್, ಬ್ಯೂನಾ ವಿಸ್ಟಾ, ಪಾಸಿರ್ ಲಾಬಾ. ಹೀಗೆ ಹಡಗು ಬರಬಹುದಾದ ಪ್ರತಿಯೊಂದು ದಾರಿಗೂ ಒಂದೊಂದು ಬಾಯಿ. ಬ್ಲಾಕಾಂಗ್ ಮಾತಿ ಎಂಬ ಮಲಯ ಹೆಸರಿನಲ್ಲಿ ‘ಮಾತಿ’ ಎಂದರೆ ಸಾವು. 1970ರ ದಶಕದ ಆರಂಭದಲ್ಲಿ ಆ ದ್ವೀಪವನ್ನು ವಿಹಾರಧಾಮವಾಗಿ ಮಾಡಿದಾಗ ‘ಸೆಂತೋಸ’ ಎಂದು ಮರುನಾಮಕರಣ ಮಾಡಿದರು. ಅದು ನಮ್ಮ ‘ಸಂತೋಷ’ವೇ, ಮಲಯ ಭಾಷೆಗೆ ಹೋಗಿ ನೆಮ್ಮದಿ ಎಂಬ ಅರ್ಥ ಪಡೆದಿದೆ.

ಐದು ಹಿರಿಯ ತೋಪುಗಳಲ್ಲಿ ಮೂರು ಚಾಂಗಿಯಲ್ಲಿದ್ದವು. ಅವುಗಳಿಗೆ ಜೊಹೋರ್ ಬ್ಯಾಟರಿ ಎಂದು ಹೆಸರು. ಐದನೆಯ ಜಾರ್ಜ್ ದೊರೆಯ ಬೆಳ್ಳಿಹಬ್ಬದ ವರ್ಷವಾದ 1935ರಲ್ಲಿ ಜೊಹೋರಿನ ಸುಲ್ತಾನ ಇಬ್ರಾಹಿಂ ಐದು ಲಕ್ಷ ಪೌಂಡು ಕಾಣಿಕೆ ಕೊಟ್ಟಿದ್ದರು. ಅದರಲ್ಲಿ ಬಹುಪಾಲು ತೋಪುಗಳಿಗೆ ವಿನಿಯೋಗವಾಯಿತು. ಹದಿನೈದು ಅಂಗುಲದ ನಳಿಕೆಯೊಂದರ ಉದ್ದ ಸುಮಾರು ಹದಿನಾರು ಮೀಟರು, ತೂಕ ನೂರು ಟನ್ನು. ಒಂದು ಗುಂಡಿನ ತೂಕ ಸುಮಾರು 880 ಕಿಲೋ. ಎಂದರೆ ಒಂದು ಅಂಬಾಸಿಡರ್ ಕಾರಿಗಿಂತ ತುಸು ಹಗುರವಾದ ಉಕ್ಕಿನ ಮುದ್ದೆಯನ್ನು ಇಪ್ಪತ್ತು ಮೈಲಿಗೂ ಆಚೆ ಎಸೆಯುವ ಯಂತ್ರ. ಯುದ್ಧನೌಕೆಗಳಿಗೆಂದು ರೂಪಿಸಿದ ಈ ತೋಪುಗಳನ್ನು ಇಲ್ಲಿ ನೆಲದಲ್ಲಿ ನೆಟ್ಟು, ಮದ್ದುಗುಂಡುಗಳನ್ನು ನೆಲದಡಿಯ ಸುರಂಗಗಳಲ್ಲಿಟ್ಟು, ಅಲ್ಲಿಂದ ಯಂತ್ರಬಲದಿಂದ ಮೇಲೆತ್ತುವ ವ್ಯವಸ್ಥೆ ಮಾಡಿದ್ದರು.

ಗುಂಡು ಹಾರಿಸುವುದು ಸುಲಭ, ತಾಗಿಸುವುದು ಕಷ್ಟ. ಗುಂಡು ಅಷ್ಟು ದೂರ ತಲಪಲು ಒಂದು ನಿಮಿಷದ ಆಸುಪಾಸು ಬೇಕು. ಅಷ್ಟರಲ್ಲಿ ಹಡಗು ಅರ್ಧ ಮೈಲಿಯಷ್ಟು ಮುಂದೆ ಹೋಗಿರುತ್ತದೆ. ಆದ್ದರಿಂದ ಗುಡ್ಡಗಳ ಮೇಲಿನ ವೀಕ್ಷಣಾ ಠಾಣೆಗಳಿಂದ ದೂರ ಮತ್ತು ದಿಕ್ಕುಗಳನ್ನು ಅಳೆದು, ದೂರವಾಣಿಯಲ್ಲಿ ತಿಳಿಸಿ, ನಕ್ಷೆಯ ಮೇಲೆ ಗುರುತಿಸಿ, ಹಡಗು ಈಗ ಎಲ್ಲಿದೆ ಎಂಬುದಕ್ಕಲ್ಲ, ಒಂದು ನಿಮಿಷದ ನಂತರ ಎಲ್ಲಿರುತ್ತದೆ ಎಂಬುದಕ್ಕೆ ಗುರಿಯಿಡಬೇಕು. ಹಡಗಿಗೆ ಈ ಅನುಕೂಲವಿಲ್ಲ: ಅದರ ಕಾಲಡಿಯ ನೆಲವೇ ಓಲಾಡುತ್ತಿರುತ್ತದೆ. ದಡದ ಒಂದು ತೋಪಿಗೆ ಹಡಗಿನ ಹಲವು ತೋಪುಗಳು ಸಮ ಎಂಬ ನಾವಿಕರ ಹಳೆಯ ನಂಬಿಕೆ ಹುಟ್ಟಿದ್ದು ಹೀಗೆ.

ಈಗ ಎಲ್ಲರ ಬಾಯಲ್ಲಿರುವ ಮಾತಿಗೆ ಬರೋಣ. “ಸಿಂಗಪುರದ ತೋಪುಗಳೆಲ್ಲ ಸಮುದ್ರದ ಕಡೆಗೆ ಮುಖಮಾಡಿದ್ದವು, ಜಪಾನೀಯರು ಹಿಂದಿನಿಂದ ಬಂದರು, ತೋಪುಗಳನ್ನು ತಿರುಗಿಸಲಾಗಲಿಲ್ಲ, ಸಿಂಗಪುರ ಬಿತ್ತು.” ನಾನೂ ಶಾಲೆಯಲ್ಲಿದ್ದಾಗ ಇದನ್ನೇ ಕೇಳಿದ್ದೆ. ಸಭೆಗಳಲ್ಲಿ ದೃಷ್ಟಾಂತವಾಗಿ ಬಳಸಿಯೂ ಇದ್ದೆ. ಇದು ಪೂರ್ತಿ ನಿಜವಲ್ಲವೆಂದು ನನಗೆ ಮೊದಲು ತಿಳಿಸಿದ್ದು ಪುಸ್ತಕವಲ್ಲ, ಮೈಸೂರಿನ ನಮ್ಮ ಬೀದಿಯ ಒಬ್ಬ ವೃದ್ಧರು.

ಅವರನ್ನು ನಾವು ಹುಡುಗರು ಸುಬೇದಾರ್ ತಾತ ಎನ್ನುತ್ತಿದ್ದೆವು. ನಿಜವಾಗಿ ಅವರು ಸುಬೇದಾರರಾಗಿದ್ದರೋ ಇಲ್ಲವೋ ನಾವು ಕೇಳಲಿಲ್ಲ. ಮೈಸೂರು ಸಂಸ್ಥಾನದ ಒಂದನೆಯ ಇನ್ಫೆಂಟ್ರಿ ಪಡೆಯಲ್ಲಿದ್ದು ಮಲಯಾಕ್ಕೆ ಹೋದವರು. ಇದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದ ಸಂಗತಿ. ಮೈಸೂರು, ಹೈದರಾಬಾದ್, ಬಹಾವಲ್ಪುರ, ಜಿಂದ್ ಮುಂತಾದ ಸಂಸ್ಥಾನಗಳ ಪಡೆಗಳನ್ನು ಮಲಯಾ ಮತ್ತು ಸಿಂಗಪುರದಲ್ಲಿ ಮುಖ್ಯವಾಗಿ ವಿಮಾನ ನಿಲ್ದಾಣಗಳ ಕಾವಲಿಗೆ ಇರಿಸಿದ್ದರು. ಶಾಲೆಯಲ್ಲಿ ಕೇಳಿದ ತೋಪಿನ ಕತೆಯನ್ನು ನಾನು ಒಂದು ಸಂಜೆ ಅವರ ಜಗಲಿಯ ಮೇಲೆ ಜಂಬದಿಂದ ಹೇಳಿದೆ. ತಾತ ಎಲೆಗೆ ಸುಣ್ಣ ಸವರುತ್ತಿದ್ದವರು ಕೈ ನಿಲ್ಲಿಸಿದರು.

“ಯಾರಪ್ಪ ಹೇಳಿದ್ದು ತಿರುಗಲಿಲ್ಲ ಅಂತ? ನಮ್ಮ ತಲೆ ಮೇಲೇ ಹೋಗ್ತಿತ್ತು ಗುಂಡು. ರಾತ್ರಿಯೆಲ್ಲ. ರೈಲು ಹೋದ ಹಾಗೆ ಸದ್ದು. ಎಲ್ಲಿಗೆ ಬೀಳ್ತಿತ್ತೋ ಆ ಭಗವಂತನಿಗೇ ಗೊತ್ತು.” ಸ್ವಲ್ಪ ಹೊತ್ತಾದ ಮೇಲೆ, “ವಿಮಾನ ಕಾಯೋಕೆ ಅಂತ ಕರಕೊಂಡು ಹೋದರು. ಕೊನೆಕೊನೆಗೆ ಕಾಯೋಕೆ ವಿಮಾನವೇ ಇರಲಿಲ್ಲ” ಎಂದು ಹೇಳಿ ಎಲೆ ಬಾಯಿಗಿಟ್ಟುಕೊಂಡರು. ಅದಕ್ಕಿಂತ ಹೆಚ್ಚು ಅವರು ಎಂದೂ ಹೇಳಲಿಲ್ಲ.

ಬಹಳ ವರ್ಷಗಳ ನಂತರ ಓದಿದಾಗ ತಾತನ ಎರಡೂ ಮಾತುಗಳು ಸರಿಯೆಂದು ಗೊತ್ತಾಯಿತು. ತೋಪುಗಳಲ್ಲಿ ಬಹುಪಾಲು ಭೂಮಿಯ ಕಡೆಗೆ ತಿರುಗಿದವು, ಗುಂಡು ಹಾರಿಸಿದವು. ಜೊಹೋರ್ ಬ್ಯಾಟರಿಯ ತೋಪುಗಳೂ ಕನಾಟ್ ಬ್ಯಾಟರಿಯ 9.2 ಅಂಗುಲದ ತೋಪುಗಳೂ ಜಪಾನೀಯರು ಹಿಡಿದಿದ್ದ ಪ್ರದೇಶಗಳ ಮೇಲೆ ಗುಂಡು ಸುರಿಸಿದವು. ತಿರುಗಲಾರದೆ ಹೋದದ್ದು ಮುಖ್ಯವಾಗಿ ಬ್ಯೂನಾ ವಿಸ್ಟಾದ ಎರಡು ಹಿರಿಯ ತೋಪುಗಳು. ಕೊರತೆ ಇದ್ದದ್ದು ತಿರುಗುವುದರಲ್ಲಲ್ಲ, ಗುಂಡಿನಲ್ಲಿ. ಯುದ್ಧನೌಕೆಯ ದಪ್ಪ ಉಕ್ಕನ್ನು ಕೊರೆದು ಒಳಹೊಕ್ಕು ಸಿಡಿಯುವ ಗುಂಡುಗಳೇ ಅವರಲ್ಲಿದ್ದವು. ಅಂಥ ಗುಂಡು ತೋಟದ ಮಣ್ಣಿಗೆ ಬಿದ್ದರೆ ಆಳಕ್ಕೆ ಇಳಿದು ಸಿಡಿಯುತ್ತದೆ. ದೊಡ್ಡ ಹೊಂಡವಾಗುತ್ತದೆ, ಪಕ್ಕದಲ್ಲಿ ಓಡುವ ಸಿಪಾಯಿಗೆ ಹೆಚ್ಚೇನೂ ಆಗುವುದಿಲ್ಲ. ನೆಲದ ಮೇಲೆ ಸಿಡಿದು ಚೂರಾಗಿ ಹರಡುವ ಗುಂಡುಗಳು ಹದಿನೈದು ಅಂಗುಲದ ತೋಪುಗಳಿಗೆ ಇರಲೇ ಇಲ್ಲ, ಉಳಿದವಕ್ಕೆ ಅಲ್ಪಸ್ವಲ್ಪ. ಅದರ ಮೇಲೆ, ಹಡಗನ್ನು ನೋಡಿ ಗುರಿಯಿಡಲು ರಚಿಸಿದ ವೀಕ್ಷಣಾ ವ್ಯವಸ್ಥೆಗೆ ರಬ್ಬರ್ ಮರಗಳ ಹಿಂದಿನ ಶತ್ರು ಕಾಣುವುದು ಹೇಗೆ? ಗುಂಡುಗಳು ಎಲ್ಲಿಗೆ ಬೀಳುತ್ತಿದ್ದವೋ ಭಗವಂತನಿಗೇ ಗೊತ್ತು ಎಂಬುದು ತಾಂತ್ರಿಕವಾಗಿಯೂ ನಿಖರವಾದ ಮಾತು.

ಇನ್ನೂ ಒಂದು ಮಾತು ಹೇಳಲೇಬೇಕು. ತೋಪುಗಳು ತಮಗೆ ವಹಿಸಿದ ಕೆಲಸವನ್ನು ಮಾಡಿದವು. ಜಪಾನಿನ ನೌಕಾಪಡೆ ಸಮುದ್ರದ ಕಡೆಯಿಂದ ಸಿಂಗಪುರವನ್ನು ಮುಟ್ಟಲು ಬರಲಿಲ್ಲ. ಮುಂಬಾಗಿಲಿನಲ್ಲಿ ಹುಲಿ ಕಟ್ಟಿದೆಯೆಂದು ತಿಳಿದವನು ಹಿತ್ತಿಲ ದಾರಿ ಹುಡುಕುತ್ತಾನೆ. ಹಿತ್ತಿಲಲ್ಲಿ ಏನಿತ್ತು ಎಂಬುದೇ ನಿಜವಾದ ಪ್ರಶ್ನೆ.

ಹಿತ್ತಿಲ ಅಪಾಯವನ್ನು ಯಾರೂ ಊಹಿಸಿರಲಿಲ್ಲವೆ? ಊಹಿಸಿದ್ದರು. 1937ರಲ್ಲೇ ಮಲಯಾದ ಸೇನಾಧಿಪತಿ ಡಾಬಿ ಮತ್ತು ಅವರ ಕೈಕೆಳಗಿನ ಅಧಿಕಾರಿ ಪರ್ಸಿವಲ್ ಈ ವಿಷಯವನ್ನು ಪರಿಶೀಲಿಸಿದ್ದರು. ಈಶಾನ್ಯ ಮಳೆಗಾಲದಲ್ಲಿ ಹಡಗಿನಿಂದ ಸೇನೆ ಇಳಿಸುವುದು ಅಸಾಧ್ಯವೆಂಬ ನಂಬಿಕೆ ತಪ್ಪು. ಥಾಯ್ ದೇಶದ ಸಿಂಗೋರಾ, ಪಟ್ಟಾನಿ ಮತ್ತು ಮಲಯಾದ ಕೋಟಾ ಬಾರುವಿನಲ್ಲಿ ಇಳಿದು ಶತ್ರು ದಕ್ಷಿಣಕ್ಕೆ ಬರಬಹುದು ಎಂದು ಅವರು ಹೇಳಿದರು. ನಾಲ್ಕು ವರ್ಷಗಳ ನಂತರ ನಡೆದದ್ದು ಅಕ್ಷರಶಃ ಅದೇ. ಜೊಹೋರಿನಲ್ಲಿ ಭೂಮಿಯ ಕಡೆಯ ರಕ್ಷಣೆ ಕಟ್ಟಲು ಡಾಬಿಯವರಿಗೆ ಮಂಜೂರಾದ ಹಣ 60,000 ಪೌಂಡು. ಆರು ಕೋಟಿಯ ಮುಂದೆ ಅರುವತ್ತು ಸಾವಿರ. ಸಾವಿರದಲ್ಲಿ ಒಂದು ಪಾಲು. ಅದರಲ್ಲೂ ಅರ್ಧಕ್ಕಿಂತ ಕಡಿಮೆ ಖರ್ಚಾಗಿರುವಾಗ ಕೆಲಸ ನಿಂತಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳದಿದ್ದರೆ ಪರರ ತಪ್ಪನ್ನು ಎಣಿಸುವ ಅಧಿಕಾರ ನನಗಿರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಉಗ್ರಾಣದ ತಪಾಸಣೆಗೆ ನನ್ನನ್ನು ಕಳುಹಿಸಿದ್ದರು. ಮುಂಭಾಗದಲ್ಲಿ ಕಬ್ಬಿಣದ ಹೊಸ ಗೇಟು, ಮೂರು ಪಾಳಿಯ ಕಾವಲು, ಒಳಬಂದವರ ಹೊರಹೋದವರ ವಹಿ, ಎರಡು ಬೀಗ, ಎರಡು ಕೀಲಿಕೈ. ಎಲ್ಲವೂ ನಿಯಮಾನುಸಾರ. ವಹಿಯ ಪುಟಪುಟವನ್ನೂ ನೋಡಿ ಸಮಾಧಾನಕರವೆಂದು ಬರೆದೆ. ಕಟ್ಟಡದ ಹಿಂದಕ್ಕೆ ಸುತ್ತಿ ಹೋಗಲಿಲ್ಲ. ಹಿಂದೆ ಕೆಸರಿತ್ತು, ಹೊಸ ಬೂಟು ಹಾಕಿದ್ದೆ. ಅಲ್ಲಿನ ಒಬ್ಬ ಜವಾನ, “ಹಿಂದುಗಡೆ ಗೋಡೆ ಒಮ್ಮೆ ನೋಡಬೇಕಿತ್ತು, ಸ್ವಾಮಿ” ಎಂದದ್ದು ನೆನಪಿದೆ. ತಪಾಸಣೆಯ ನಮೂನೆಯಲ್ಲಿ ಹಿಂದಿನ ಗೋಡೆಗೆ ಕಾಲಮ್ಮು ಇರಲಿಲ್ಲ. ಆ ಮಳೆಗಾಲದಲ್ಲಿ ಹಳ್ಳದ ನೀರು ಹಿಂದಿನ ಗೋಡೆಯನ್ನು ತಳ್ಳಿಕೊಂಡು ಒಳನುಗ್ಗಿ ಅರ್ಧ ದಾಸ್ತಾನು ಹಾಳಾಯಿತು. ವಿಚಾರಣೆಯಲ್ಲಿ ನನ್ನ ವರದಿಯನ್ನು ಯಾರೂ ತಪ್ಪೆನ್ನಲಿಲ್ಲ. ಶಿಕ್ಷೆಯಾದದ್ದು ರಾತ್ರಿ ಪಾಳಿಯ ಕಾವಲುಗಾರನಿಗೆ. ನಾನು ಆಗ ಬಾಯಿ ತೆರೆಯಲಿಲ್ಲ. ಸಿಂಗಪುರದ ಕತೆಯನ್ನು ಓದುವಾಗಲೆಲ್ಲ ನನಗೆ ಪರ್ಸಿವಲ್ಲರಿಗಿಂತ ಮೊದಲು ಆ ಕಾವಲುಗಾರ ನೆನಪಾಗುತ್ತಾನೆ.

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1941ರ ಡಿಸೆಂಬರ್ 8ರಂದು ಯಮಶಿತ ಅವರ 25ನೆಯ ಸೈನ್ಯ ಮಲಯಾದ ಉತ್ತರದಲ್ಲಿ ಇಳಿಯಿತು. 10ರಂದು ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಎಂಬ ಎರಡು ಮಹಾನೌಕೆಗಳು ಜಪಾನೀ ವಿಮಾನಗಳಿಗೆ ಆಹುತಿಯಾದವು. ಯಜಮಾನ ಬರುತ್ತಾನೆಂಬ ಆಸೆಯೂ ಅವುಗಳೊಡನೆ ಮುಳುಗಿತು. ಜಪಾನೀ ಸೈನಿಕರು ಸೈಕಲ್ಲುಗಳ ಮೇಲೆ ದಕ್ಷಿಣಕ್ಕೆ ಬಂದರು. ಸಿಂಗಪುರದ ಉತ್ತರ ದಡದಲ್ಲಿ ರಕ್ಷಣಾ ಕಟ್ಟೆಗಳನ್ನು ಕಟ್ಟಬೇಕೆಂದು ಮುಖ್ಯ ಎಂಜಿನಿಯರ್ ಸಿಮ್ಸನ್ ಡಿಸೆಂಬರ್ ಅಂತ್ಯದಲ್ಲಿ ಅಂಗಲಾಚಿದರು. ಈಗ ಸೇನಾಧಿಪತಿಯಾಗಿದ್ದ ಪರ್ಸಿವಲ್ ಒಪ್ಪಲಿಲ್ಲ. ಸೈನಿಕರ, ನಾಗರಿಕರ ಸ್ಥೈರ್ಯಕ್ಕೆ ಅದು ಒಳ್ಳೆಯದಲ್ಲವೆಂಬುದು ಅವರು ಕೊಟ್ಟ ಕಾರಣವೆಂದು ಸಿಮ್ಸನ್ ಬರೆದಿದ್ದಾರೆ. 1937ರಲ್ಲಿ ಅಪಾಯವನ್ನು ಸ್ಪಷ್ಟವಾಗಿ ಕಂಡಿದ್ದ ಕಣ್ಣುಗಳೇ ಅವು. ಕಾಣುವುದು ಬೇರೆ, ಕಂಡದ್ದನ್ನು ಒಪ್ಪಿ ನಡೆಯುವುದು ಬೇರೆ. ಹಿತ್ತಿಲಿನಲ್ಲಿ ಕೋಟೆಯೇ ಇಲ್ಲವೆಂದು ಪ್ರಧಾನಿ ಚರ್ಚಿಲ್ ಅವರಿಗೆ ಮನವರಿಕೆಯಾದದ್ದು 1942ರ ಜನವರಿ ಮೂರನೆಯ ವಾರದಲ್ಲಿ.

ಜನವರಿ 31ರಂದು ಜೊಹೋರಿಗೆ ಹೋಗುವ ಸೇತುದಾರಿಯನ್ನು ಸಿಡಿಸಿದರು. ಅದರ ಮೇಲಿನ ನೀರಿನ ಕೊಳವೆಯೂ ತುಂಡಾಯಿತು. ಫೆಬ್ರವರಿ 8ರ ರಾತ್ರಿ ಜಪಾನೀಯರು ವಾಯವ್ಯ ದಡಕ್ಕೆ ದೋಣಿಗಳಲ್ಲಿ ದಾಟಿದರು. 12ರ ರಾತ್ರಿ ಚಾಂಗಿಯನ್ನು ತೆರವು ಮಾಡುವಾಗ ಜೊಹೋರ್ ಬ್ಯಾಟರಿಯ ತೋಪುಗಳನ್ನು ಅವುಗಳ ಗೋಲಂದಾಜರೇ ಸಿಡಿಸಿ ಹಾಳುಗೆಡವಿದರು. ಮಕ್ಕಳಂತೆ ಎಣ್ಣೆ ಹಾಕಿ ಒರೆಸಿ ಸಾಕಿದ್ದ ಆಯುಧಕ್ಕೆ ತಾವೇ ಮದ್ದಿಡಬೇಕಾದವರ ಮನಸ್ಸನ್ನು ಊಹಿಸಿಕೊಳ್ಳಿ. ಕರಾವಳಿಯ ತೋಪುಗಳನ್ನೂ ವಿಮಾನವಿರೋಧಿ ತೋಪುಗಳನ್ನೂ ನಡೆಸುತ್ತಿದ್ದವರಲ್ಲಿ ಭಾರತೀಯರೂ ಇದ್ದರು. ಹಾಂಗ್‌ಕಾಂಗ್ ಮತ್ತು ಸಿಂಗಪುರ ರಾಯಲ್ ಆರ್ಟಿಲರಿ ಎಂಬ ದಳಕ್ಕೆ ಪಂಜಾಬಿನ ಸಿಖ್ಖರನ್ನೂ ಮುಸಲ್ಮಾನರನ್ನೂ ಸೇರಿಸಿಕೊಳ್ಳುತ್ತಿದ್ದರು.

ಫೆಬ್ರವರಿ 15ರ ಸಂಜೆ ಬುಕಿತ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ ಪರ್ಸಿವಲ್ ಶರಣಾಗತಿಗೆ ಸಹಿ ಹಾಕಿದರು. 47 ಸಿಪಾಯಿಗಳ ಪ್ರಾಣಕ್ಕೆ ಮೂಲವಾದ ಆ ದಂಗೆ ನಡೆದು ಅಂದಿಗೆ ಸರಿಯಾಗಿ 27 ವರ್ಷ. ಇನ್ನೊಂದು ಲೆಕ್ಕವನ್ನೂ ಮಾಡಿ ನೋಡಿ. ಡಿಸೆಂಬರ್ 8ನ್ನು ಮೊದಲನೆಯ ದಿನವೆಂದು ಎಣಿಸಿದರೆ ಫೆಬ್ರವರಿ 15 ಎಪ್ಪತ್ತನೆಯ ದಿನ. ಯಜಮಾನ ಬರಲು ಬೇಕಾದದ್ದು ಎಪ್ಪತ್ತು ದಿನ ಎಂದು ಹಿಂದೊಮ್ಮೆ ಕಡತದಲ್ಲಿ ಬರೆದಿದ್ದರು.

ಎರಡು ದಿನಗಳ ನಂತರ, 17ರಂದು, ಫ್ಯಾರರ್ ಪಾರ್ಕ್ ಎಂಬ ಮೈದಾನದಲ್ಲಿ ಸುಮಾರು 40,000 ಭಾರತೀಯ ಸೈನಿಕರನ್ನು ಸೇರಿಸಿದರು. ಅವರ ಅಧಿಕಾರಿಗಳಾಗಿದ್ದ ಆಂಗ್ಲರನ್ನು ಆಗಲೇ ಬೇರೆ ಮಾಡಲಾಗಿತ್ತು. ಒಬ್ಬ ಬ್ರಿಟಿಷ್ ಅಧಿಕಾರಿ ಧ್ವನಿವರ್ಧಕದ ಮುಂದೆ ನಿಂತು ಅವರನ್ನು ಜಪಾನಿನ ಮೇಜರ್ ಫುಜಿವಾರನ ವಶಕ್ಕೆ ಒಪ್ಪಿಸಿದ. ಫುಜಿವಾರ ಅವರನ್ನು ಕ್ಯಾಪ್ಟನ್ ಮೋಹನ್ ಸಿಂಗರಿಗೆ ಒಪ್ಪಿಸಿದ. ನಾವು ಆಜಾದ್ ಹಿಂದ್ ಫೌಜಿನ ಇತಿಹಾಸವನ್ನು ಅಲ್ಲಿಂದ ಆರಂಭಿಸುತ್ತೇವೆ. 1943ರ ಜುಲೈಯಲ್ಲಿ ನೇತಾಜಿ ಅದೇ ಸಿಂಗಪುರಕ್ಕೆ ಬಂದರು. ಅಕ್ಟೋಬರ್ 21ರಂದು ಆಜಾದ್ ಹಿಂದ್ ಸರ್ಕಾರವನ್ನು ಘೋಷಿಸಿದರು. ಆದರೆ ಆ ಮೈದಾನದಲ್ಲಿ ಕೂತ ಪ್ರತಿಯೊಬ್ಬನಿಗೂ ಆ ಮಧ್ಯಾಹ್ನ ಒಂದು ಕಠಿಣ ಪ್ರಶ್ನೆಯಾಗಿತ್ತು. ಕೆಲವರು ದೇಶಕ್ಕಾಗಿ ಸೇರಿದರು, ಕೆಲವರು ಗೆಳೆಯ ಸೇರಿದನೆಂದು ಸೇರಿದರು, ಕೆಲವರು ಕೊಟ್ಟ ಮಾತು ಮುರಿಯಲಾರೆನೆಂದು ಸೇರದೆ ಉಳಿದು ನ್ಯೂಗಿನಿಯಂಥ ದ್ವೀಪಗಳಿಗೆ ಕೂಲಿಗಳಾಗಿ ಹೋಗಿ ಹಸಿವಿನಲ್ಲಿ ಸತ್ತರು. ಸುಬೇದಾರ್ ತಾತ ಯಾವ ಗುಂಪಿನಲ್ಲಿದ್ದರೋ ನನಗೆ ಗೊತ್ತಿಲ್ಲ. ಯಾವ ಗುಂಪಿನಲ್ಲಿದ್ದರೂ ಅವರ ಜಗಲಿಯ ಮೇಲಿನ ಮೌನ ನನಗೆ ಈಗ ಅರ್ಥವಾಗುತ್ತದೆ.

ಬಂಧುಗಳೇ, ಸಿಂಗಪುರದ ಪತನದ ಬಗ್ಗೆ ಬ್ರಿಟಿಷ್ ಸರ್ಕಾರ ಯಾವ ಸಾರ್ವಜನಿಕ ವಿಚಾರಣೆಯನ್ನೂ ನಡೆಸಲಿಲ್ಲ. ಯುದ್ಧ ಮುಗಿಯುವತನಕ ಸಮಯವಿರಲಿಲ್ಲ, ಮುಗಿದ ಮೇಲೆ ಆಸಕ್ತಿಯಿರಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದೇ ತಿರುಗದ ತೋಪುಗಳ ಕಟ್ಟುಕತೆ. ಅದು ಎಷ್ಟು ಅನುಕೂಲವಾದ ಕತೆ ನೋಡಿ. ಯಾರೋ ಒಬ್ಬ ಎಂಜಿನಿಯರ್ ತೋಪನ್ನು ತಪ್ಪು ದಿಕ್ಕಿಗೆ ನೆಟ್ಟನೆಂದರೆ ಕತೆ ಮುಗಿಯಿತು. ಎಲ್ಲರೂ ನಕ್ಕು ಮನೆಗೆ ಹೋಗಬಹುದು. ಎಚ್ಚರಿಕೆಯ ವರದಿಯನ್ನು ಓದಿ ಕಪಾಟಿನಲ್ಲಿಟ್ಟವರು, ಅರುವತ್ತು ಸಾವಿರವನ್ನು ಹೆಚ್ಚಾಯಿತೆಂದವರು, ಹಡಗು ಬರುವುದಿಲ್ಲವೆಂದು ಗೊತ್ತಿದ್ದೂ ಬರುತ್ತದೆಂದವರು, ಇವರಾರೂ ಆ ಕತೆಯಲ್ಲಿ ಇಲ್ಲ. ರಾತ್ರಿ ಪಾಳಿಯ ಕಾವಲುಗಾರ ಮಾತ್ರ ಇದ್ದಾನೆ. ಮೂಕ ಕಬ್ಬಿಣದ ಮೇಲೆ ತಪ್ಪು ಹೊರಿಸುವುದು ಸುಲಭ; ಅದು ಮರುತ್ತರ ಕೊಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಸಿಂಗಪುರಕ್ಕೆ ಹೋದಾಗ ಚಾಂಗಿಯ ಜೊಹೋರ್ ಬ್ಯಾಟರಿಯ ಸ್ಥಳವನ್ನು ನೋಡಿಬಂದೆ. ಯುದ್ಧದ ನಂತರ ಆ ಜಾಗ ಮರೆತೇ ಹೋಗಿತ್ತು. 1991ರಲ್ಲಿ ಸುರಂಗಗಳು ಮತ್ತೆ ಪತ್ತೆಯಾದವು. 2002ರಲ್ಲಿ ಒಂದು ಪ್ರತಿಕೃತಿಯ ತೋಪನ್ನು ಅಲ್ಲಿ ನಿಲ್ಲಿಸಿದ್ದಾರೆ. ಬ್ರಿಟನ್ ತನ್ನ ಕರಾವಳಿ ತೋಪುಖಾನೆಯನ್ನು 1956ರಲ್ಲೇ ವಿಸರ್ಜಿಸಿತು. ಕ್ಷಿಪಣಿ ಮತ್ತು ವಿಮಾನಗಳ ಕಾಲದಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಅಲ್ಲಿಂದ ಕ್ರಾಂಜಿ ಗುಡ್ಡದ ಸ್ಮಾರಕಕ್ಕೆ ಹೋದೆ. ಗೋರಿಯೂ ಇಲ್ಲದ 24,000ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಕಲ್ಲಿನ ಕಂಬಗಳಲ್ಲಿ ಕೊರೆದಿದ್ದಾರೆ. ಅವರಲ್ಲಿ ಭಾರತೀಯರು ಬಹಳ. ಸಂಸ್ಥಾನಗಳ ಪಡೆಗಳವರೂ ಇದ್ದಾರೆ. ಮಳೆ ಬಂದು ನಿಂತಿತ್ತು. ತೋಟದ ಕೆಲಸದ ಹುಡುಗನೊಬ್ಬ ಎಲೆ ಗುಡಿಸುತ್ತಿದ್ದ. ನಾನು ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದುದನ್ನು ಕಂಡು, ನಮ್ಮವರು ಯಾರಾದರೂ ಇದ್ದಾರೆಯೇ ಎಂದು ತಮಿಳಿನಲ್ಲಿ ಕೇಳಿದ. ಇದ್ದಾರೆ ಎಂದೆ.

ಕೊನೆಯದಾಗಿ, ಈ ಊರಿನ ಕನ್ನಡಿಗರಾದ ನಮಗೆ ಸಂಬಂಧಿಸಿದ ಒಂದು ಸಂಗತಿ. ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಮೈಸೂರಿನ ಒಂದನೆಯ ಇನ್ಫೆಂಟ್ರಿ ಎಲ್ಲಿಗೆ ಹೋಯಿತು ಗೊತ್ತೆ? ಅದು ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ ಆಯಿತು. ‘ಮೈಸೂರು’ ಎಂಬ ಹೆಸರನ್ನು ತನ್ನ ಹೆಸರಿನ ಪಕ್ಕದಲ್ಲೇ ಉಳಿಸಿಕೊಂಡಿತು. ನಮ್ಮ ಹಾಗೆಯೇ ಅದೂ ಮದ್ರಾಸಿನ ಮನೆಗೆ ಬಂದು ಸೇರಿದೆ. ಆದ್ದರಿಂದ ಸಿಂಗಪುರದ ತೋಪುಗಳ ಕೆಳಗೆ ಕಾವಲು ನಿಂತವರ ಕತೆಯನ್ನು ಈ ಸಭಾಂಗಣದಲ್ಲಿ ಹೇಳುವುದು ದೂರದ ಮಾತೇನೂ ಅಲ್ಲ. ನಿಮ್ಮ ಮನೆಗಳಲ್ಲಿ, ಊರಿನ ಹಳೆಯ ಪೆಟ್ಟಿಗೆಗಳಲ್ಲಿ ಅವರಲ್ಲಿ ಯಾರದಾದರೂ ಕಾಗದವೋ ಪದಕವೋ ಭಾವಚಿತ್ರವೋ ಉಳಿದಿದ್ದರೆ ದಯವಿಟ್ಟು ಸಂಘಕ್ಕೆ ತಿಳಿಸಿ. ಅವರು ಬಾಯಿಬಿಟ್ಟು ಹೇಳಲಿಲ್ಲ. ನಾವು ಆಗ ಕೇಳಲಿಲ್ಲ. ಕನಿಷ್ಠ ಅವರ ಹೆಸರುಗಳನ್ನಾದರೂ ಸರಿಯಾಗಿ ಬರೆದಿಡೋಣ.